ಹತ್ತು ಸೆಂಟಿನ ದೆವ್ವಗಳು

1948ರ ಅಕ್ಟೋಬರ್ ತಿಂಗಳು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಸ್ಪೆನ್ಸರ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಆಳೆತ್ತರಕ್ಕೆ ಕಾಮಿಕ್ಸ್ ಪುಸ್ತಕಗಳ ರಾಶಿ ಹಾಕಿದ್ದರು. ಮಕ್ಕಳೇ ಮನೆಮನೆಗೆ ಹೋಗಿ ಕೇಳಿ ತಂದ ಸುಮಾರು ಎರಡು ಸಾವಿರ ಪ್ರತಿಗಳು. ನೂರಾರು ಹುಡುಗ ಹುಡುಗಿಯರು ಸುತ್ತ ನಿಂತಿದ್ದರು. ಮೇಷ್ಟ್ರುಗಳೂ ಇದ್ದರು. ಒಬ್ಬ ಹುಡುಗ ಬೆಂಕಿ ಕೊಟ್ಟ. ಎರಡೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಊರಿನಲ್ಲೂ ಇಂಥದೇ ಬೆಂಕಿ ಎದ್ದಿತು. ಪುಸ್ತಕ ಸುಡಿಸುತ್ತಿದ್ದ ಹಿಟ್ಲರ್ ಸತ್ತು ಆಗ ಬರೀ ಮೂರು ವರ್ಷ.

ವಿಚಿತ್ರವೆಂದರೆ ದೆವ್ವದ ಕಾಮಿಕ್ಸ್ ಅಂತ ಕರೆಯುವಂಥದ್ದು ಆಗಿನ್ನೂ ಸರಿಯಾಗಿ ಶುರುವೇ ಆಗಿರಲಿಲ್ಲ. ಆ ರಾಶಿಗಳಲ್ಲಿ ಇದ್ದದ್ದು ಹೆಚ್ಚಾಗಿ ಕಳ್ಳ-ಪೊಲೀಸ್ ಕತೆ, ಸೂಪರ್‌ಮ್ಯಾನ್ ಥರದ ಸಾಹಸದ ಕತೆಗಳು. ನಿಜವಾದ ಹೆಣಗಳು ಗೋರಿಯಿಂದ ಎದ್ದು ಬಂದದ್ದು ಆಮೇಲೆ. ಬಂದ ಐದೇ ವರ್ಷದಲ್ಲಿ ಅವನ್ನು ಮತ್ತೆ ಹೂತು ಹಾಕಿದರು. ಹೂತದ್ದು ಹೂತ ಹಾಗೆ ಉಳಿಯಲಿಲ್ಲ, ಆ ಮಾತು ಬೇರೆ. ಈ ಸಲ ನಾವು ಹೇಳಹೊರಟಿರುವುದು ಆ ಕತೆ. ಅದರ ಒಂದು ತುದಿ ದಿಲ್ಲಿಯ ಸಂಸತ್ತಿನವರೆಗೂ ಬಂದು ಮುಟ್ಟಿದೆ ಅನ್ನುವುದು ಓದುತ್ತಾ ಹೋದ ಮೇಲೆ ನಮಗೆ ಗೊತ್ತಾಯಿತು.

ಮೊದಲಿಗೆ ಒಂದು ವಿಷಯ. ಅಮೆರಿಕದ ಕಾಮಿಕ್ಸ್‌ಗಳಿಗೆ ಭಯ ಬಂದದ್ದು ಹಳೆಯ ಸಾಹಿತ್ಯದ ಬಾಗಿಲಿನಿಂದ. ಆಲ್ಬರ್ಟ್ ಕ್ಯಾಂಟರ್ ಎಂಬಾತ 1941ರಲ್ಲಿ ದೊಡ್ಡ ದೊಡ್ಡ ಕಾದಂಬರಿಗಳನ್ನು ಚಿತ್ರದಲ್ಲಿ ಹೇಳುವ ಒಂದು ಮಾಲೆ ಶುರು ಮಾಡಿದ. ಮುಂದೆ ಅದಕ್ಕೆ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಅನ್ನುವ ಹೆಸರು ಬಂತು. ಮಕ್ಕಳು ಒಳ್ಳೆಯ ಪುಸ್ತಕದ ಕಡೆ ತಿರುಗಲಿ ಅನ್ನುವುದು ಅವನ ಆಸೆ. ಅದರಲ್ಲಿ 1943ರಲ್ಲಿ ಸ್ಟೀವನ್‌ಸನ್ನನ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಬಂತು. ಒಬ್ಬನೇ ಮನುಷ್ಯನೊಳಗೆ ಸಜ್ಜನನೂ ರಾಕ್ಷಸನೂ ಇರುವ ಕತೆ. ಪೂರ್ತಿ ಪುಸ್ತಕದುದ್ದಕ್ಕೂ ಭಯವನ್ನೇ ಹೇಳಿದ ಮೊದಲ ಕಾಮಿಕ್ ಇದೇ ಅನ್ನುವವರಿದ್ದಾರೆ. 1945ರಲ್ಲಿ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಬಂತು. ಆಮೇಲೆ ಎಡ್ಗರ್ ಆಲನ್ ಪೋ ಬರೆದ ಕತೆಗಳು.

1948ರಲ್ಲಿ ‘ಅಡ್ವೆಂಚರ್ಸ್ ಇನ್‌ಟು ದಿ ಅನ್‌ನೋನ್’ ಎಂಬ ಪತ್ರಿಕೆ ಶುರುವಾಯಿತು. ಬಿಡದೆ ಸಂಚಿಕೆಯ ಮೇಲೆ ಸಂಚಿಕೆಯಾಗಿ ಬಂದ ಮೊದಲ ದೆವ್ವದ ಕಾಮಿಕ್ ಇದು. ಇದರ ಮೊದಲ ಸಂಚಿಕೆಯಲ್ಲೂ ಒಂದು ಹಳೆಯ ಕಾದಂಬರಿ ಇದೆ. ಹೊರೇಸ್ ವಾಲ್‌ಪೋಲ್ 1764ರಲ್ಲಿ ಬರೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’. ಇಂಗ್ಲಿಷಿನಲ್ಲಿ ಪಾಳು ಕೋಟೆ, ಶಾಪ, ಗುಪ್ತ ಸುರಂಗದ ಕತೆಗಳಿಗೆಲ್ಲ ಮೂಲಪುರುಷ ಅದು. ಇಡೀ ಕಾದಂಬರಿಯನ್ನು ಏಳು ಪುಟಕ್ಕೆ ಹಿಂಡಿದ್ದಾರೆ.

ಏಳು ಪುಟದಲ್ಲಿ ಕಾದಂಬರಿ ಹೇಳಿದರೆ ಏನು ಉಳಿದೀತು ಅಂತ ನಗಬಹುದು. ಬಯಲಾಟದವರು ಇಡೀ ಪರ್ವವನ್ನು ಒಂದು ರಾತ್ರಿಗೆ ಇಳಿಸುತ್ತಾರಲ್ಲ, ಹಾಗೆಯೇ ಇದು. ಉಳಿಯಬೇಕಾದ್ದು ಉಳಿಯುತ್ತದೆ. ಕೆಲವೊಮ್ಮೆ ಉಳಿಯುವುದಿಲ್ಲ. ಎರಡೂ ಥರದವು ಸಿಗುತ್ತವೆ.

ಇನ್ನು ಮುಖ್ಯ ಪಾತ್ರಕ್ಕೆ ಬರೋಣ. ಹೆಸರು ವಿಲಿಯಂ ಗೇನ್ಸ್. ಎಲ್ಲರ ಬಾಯಲ್ಲಿ ಬಿಲ್. ಇವನ ಅಪ್ಪ ಮ್ಯಾಕ್ಸ್ ಗೇನ್ಸ್ ‘ಎಜುಕೇಷನಲ್ ಕಾಮಿಕ್ಸ್’ ಎಂಬ ಕಂಪನಿ ಇಟ್ಟುಕೊಂಡು ಬೈಬಲ್ ಕತೆಗಳನ್ನು ಚಿತ್ರದಲ್ಲಿ ಅಚ್ಚು ಹಾಕಿಸುತ್ತಿದ್ದ. 1947ರಲ್ಲಿ ದೋಣಿ ಅಪಘಾತದಲ್ಲಿ ಅಪ್ಪ ಸತ್ತ. ಮೇಷ್ಟ್ರಾಗಬೇಕು ಅಂತ ಓದುತ್ತಿದ್ದ 25 ವರ್ಷದ ಮಗನ ತಲೆಗೆ ಸಾಲದ ಕಂಪನಿ ಬಂತು. ಮಗನಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಆಲ್ ಫೆಲ್ಡ್‌ಸ್ಟೈನ್ ಎಂಬ ಚಿತ್ರಕಾರ ಬಂದು ಸೇರಿದ ಮೇಲೆ ಎಲ್ಲ ಬದಲಾಯಿತು. ಇಬ್ಬರೂ ಚಿಕ್ಕಂದಿನಲ್ಲಿ ರಾತ್ರಿ ರೇಡಿಯೋದಲ್ಲಿ ಬರುತ್ತಿದ್ದ ದೆವ್ವದ ನಾಟಕ ಕೇಳಿ ಬೆಳೆದವರು. ಅದನ್ನೇ ಕಾಗದಕ್ಕೆ ಇಳಿಸಿದರೆ ಹೇಗೆ?

1950ರಲ್ಲಿ ಮೂರು ಪತ್ರಿಕೆ ಹೊರಟವು. ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’, ‘ದಿ ವಾಲ್ಟ್ ಆಫ್ ಹಾರರ್’, ‘ದಿ ಹಾಂಟ್ ಆಫ್ ಫಿಯರ್’. ಬೆಲೆ ಹತ್ತು ಸೆಂಟ್. ಹೊಸ ಪತ್ರಿಕೆಗೆ ಅಂಚೆ ಪರವಾನಗಿಗೆ ಮತ್ತೆ ದುಡ್ಡು ಕಟ್ಟಬೇಕಿತ್ತು. ಅದನ್ನು ಉಳಿಸಲು ಹಳೆಯ ಪತ್ರಿಕೆಗಳ ಸಂಖ್ಯೆಯನ್ನೇ ಮುಂದುವರಿಸಿದರು. ಹಾಗಾಗಿ ಈ ಪತ್ರಿಕೆಗಳಿಗೆ ‘ಸಂಚಿಕೆ 1’ ಅಂತ ಹುಡುಕಿದರೆ ನಿಮಗೆ ಸಿಗುವುದು 17, 12, 15. ಬಡ ಕಂಪನಿಯ ಲೆಕ್ಕಾಚಾರ.

ಪ್ರತಿ ಪತ್ರಿಕೆಗೂ ಕತೆ ಹೇಳುವ ಒಬ್ಬ ಯಜಮಾನ ಇದ್ದ. ಒಂದಕ್ಕೆ ನೆಲಮಾಳಿಗೆಯ ಗೋರಿ ಕಾಯುವ ಮುದುಕ, ಇನ್ನೊಂದಕ್ಕೆ ಬಂದೀಖಾನೆ ಕಾಯುವವನು, ಮೂರನೆಯದಕ್ಕೆ ಒಬ್ಬ ಮುದಿ ಮಾಟಗಾತಿ. ಕತೆ ಶುರುವಾಗುವ ಮುನ್ನ ಬಂದು ಓದುಗನನ್ನು ಛೇಡಿಸುತ್ತಾರೆ, ಮುಗಿದ ಮೇಲೆ ಬಂದು ಕುಹಕವಾಡುತ್ತಾರೆ. ‘ಚಂದಮಾಮ’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರದಿಂದ ಇಳಿಸಿದ ಹೆಣದೊಳಗಿನ ಬೇತಾಳ ವಿಕ್ರಮನ ಹೆಗಲ ಮೇಲೆ ಕೂತು ಮಾಡುತ್ತಿದ್ದದ್ದೂ ಇದನ್ನೇ. ಕತೆ ಹೇಳುವವನೇ ಹೆಣವಾದರೆ ಕೇಳುವವನಿಗೆ ಅರ್ಧ ಭಯ ಮೊದಲೇ ಹುಟ್ಟಿರುತ್ತದೆ.

ಬಿಲ್‌ಗೆ ತೂಕ ಇಳಿಸುವ ಮಾತ್ರೆಯಿಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೆಳಗಿನವರೆಗೆ ಹಳೆಯ ದೆವ್ವದ ಕತೆಗಳನ್ನು ಓದುತ್ತಿದ್ದ. ಹೊಳೆದದ್ದನ್ನು ಚೀಟಿಯಲ್ಲಿ ಗೀಚಿ ಬೆಳಿಗ್ಗೆ ಆಫೀಸಿಗೆ ತರುತ್ತಿದ್ದ. ಅದರಲ್ಲಿ ಒಂದನ್ನು ಫೆಲ್ಡ್‌ಸ್ಟೈನ್ ಆರಿಸಿ, ಚಿತ್ರ ಬರೆಯಬೇಕಾದ ಹಾಳೆಯ ಮೇಲೇ ನೇರ ಮಾತುಗಳನ್ನು ಬರೆಯುತ್ತಿದ್ದ. ಅಕ್ಷರ ಮೊದಲು ಕೂತು, ಉಳಿದ ಜಾಗದಲ್ಲಿ ಚಿತ್ರಕಾರ ಚಿತ್ರ ಬರೆಯಬೇಕು. ಈ ಪತ್ರಿಕೆಗಳ ಚೌಕಗಳಲ್ಲಿ ಅರ್ಧಕ್ಕರ್ಧ ಮಾತೇ ತುಂಬಿರುವುದು ಇದೇ ಕಾರಣಕ್ಕೆ. ಚಿತ್ರದಲ್ಲಿ ಕಾಣುತ್ತಿರುವುದನ್ನೇ ಮೇಲೆ ಮತ್ತೊಮ್ಮೆ ಬರೆದಿರುತ್ತಾರೆ. ನಮ್ಮ ಅಭಿಪ್ರಾಯ ಕೇಳಿದರೆ ಇದು ಅವುಗಳ ದೊಡ್ಡ ದೋಷ.

ಹೀಗೆ ರಾತ್ರಿ ಓದಿದ್ದು ಬೆಳಿಗ್ಗೆ ಕತೆಯಾಗುವಾಗ ಎಷ್ಟೋ ಸಲ ಮೂಲ ಲೇಖಕನ ಹೆಸರು ಬಿದ್ದುಹೋಗುತ್ತಿತ್ತು. ನೇರ ಮಾತಲ್ಲಿ ಹೇಳುವುದಾದರೆ ಕಳ್ಳತನ. ಎಚ್. ಪಿ. ಲವ್‌ಕ್ರಾಫ್ಟ್ ಎಂಬ ಲೇಖಕನ ‘ಕೂಲ್ ಏರ್’ ಎಂಬ ಕತೆಯಿದೆ. ಒಬ್ಬ ಡಾಕ್ಟರು ಸದಾ ಯಂತ್ರದಿಂದ ತಣ್ಣಗಿಟ್ಟ ಕೋಣೆಯಲ್ಲೇ ಇರುತ್ತಾನೆ. ಒಂದು ದಿನ ಯಂತ್ರ ಕೆಡುತ್ತದೆ. ಆತ ಸತ್ತು ಎಷ್ಟೋ ವರ್ಷವಾಗಿತ್ತು ಅನ್ನುವುದು ಆಗ ತಿಳಿಯುತ್ತದೆ. ಈ ಕತೆ 1951ರಲ್ಲಿ ‘ವಾಲ್ಟ್ ಆಫ್ ಹಾರರ್’ನಲ್ಲಿ ಬೇರೆ ಹೆಸರಿನಲ್ಲಿ ಬಂತು. ಲವ್‌ಕ್ರಾಫ್ಟ್ 1937ರಲ್ಲೇ ಬಡತನದಲ್ಲಿ ತೀರಿಹೋಗಿದ್ದ. ಕೇಳುವವರಿರಲಿಲ್ಲ.

ಆದರೆ ರೇ ಬ್ರಾಡ್‌ಬರಿ ಬದುಕಿದ್ದ. 1952ರಲ್ಲಿ ಅವನ ಎರಡು ಕತೆಗಳನ್ನು ಬೆಸೆದು ಬಿಲ್ ಗೇನ್ಸ್‌ನ ಪತ್ರಿಕೆಯೊಂದು ಒಂದೇ ಕತೆ ಮಾಡಿ ಹಾಕಿತು. ಬ್ರಾಡ್‌ಬರಿ ಕೋರ್ಟಿಗೆ ಹೋಗಬಹುದಿತ್ತು. ಅವನು ಒಂದು ಸೌಜನ್ಯದ ಕಾಗದ ಬರೆದ. ನನ್ನ ಎರಡು ಕತೆ ಬಳಸಿಕೊಂಡದ್ದಕ್ಕೆ ಕೊಡಬೇಕಾದ 50 ಡಾಲರ್ ಚೆಕ್ಕು ಇನ್ನೂ ಬಂದಿಲ್ಲ, ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು ಅನ್ನುವ ಧಾಟಿ. ಓದಿದ ಗೇನ್ಸ್‌ಗೆ ನಾಚಿಕೆಯಾಯಿತೋ ಭಯವಾಯಿತೋ, ದುಡ್ಡು ಕಳಿಸಿದ. ಅಲ್ಲಿಂದ ಮುಂದೆ ಬ್ರಾಡ್‌ಬರಿಯ ಇಪ್ಪತ್ತಕ್ಕೂ ಹೆಚ್ಚು ಕತೆಗಳು ಅವನ ಹೆಸರಿನೊಂದಿಗೆ, ಒಪ್ಪಿಗೆಯೊಂದಿಗೆ ಈ ಪತ್ರಿಕೆಗಳಲ್ಲಿ ಬಂದವು. ಬಾಕಿ ವಸೂಲಿಗೆ ಇದಕ್ಕಿಂತ ಒಳ್ಳೆಯ ಕಾಗದವನ್ನು ನಾವು ಕಂಡಿಲ್ಲ.

ಆ ಕತೆಗಳಲ್ಲಿ ‘ದಿ ಲೇಕ್’ ನಮ್ಮೆಲ್ಲರಿಗೂ ಇಷ್ಟವಾದದ್ದು. ಹುಡುಗನೊಬ್ಬನ ಗೆಳತಿ ಕೆರೆಯಲ್ಲಿ ಮುಳುಗುತ್ತಾಳೆ. ಹೆಣ ಸಿಗುವುದಿಲ್ಲ. ಹುಡುಗ ಮರಳಿನಲ್ಲಿ ಅರ್ಧ ಗೋಪುರ ಕಟ್ಟಿ, ಉಳಿದರ್ಧ ನೀನು ಕಟ್ಟು ಅಂತ ನೀರಿನ ಕಡೆ ಕರೆದು ಹೋಗುತ್ತಾನೆ. ವರ್ಷಗಳ ನಂತರ ಮದುವೆಯಾಗಿ ಹೆಂಡತಿಯ ಜೊತೆ ಅದೇ ದಡಕ್ಕೆ ಬರುತ್ತಾನೆ. ಅಂದು ನೀರಿನಿಂದ ಒಂದು ಪುಟ್ಟ ದೇಹ ಎತ್ತುತ್ತಾರೆ. ಅವಳಿಗೆ ವಯಸ್ಸೇ ಆಗಿಲ್ಲ. ದಡದಲ್ಲಿ ಅರ್ಧ ಕಟ್ಟಿದ ಮರಳಿನ ಗೋಪುರ ಇದೆ. ಇದನ್ನು ಜೋ ಒರ್ಲಾಂಡೊ ಚಿತ್ರಿಸಿದ. ಇಲ್ಲಿ ರಕ್ತವಿಲ್ಲ, ಕೊಡಲಿಯಿಲ್ಲ. ದೆವ್ವದ ಕಾಮಿಕ್ಸ್ ಅಂದರೆ ಬರೀ ಕೊಚ್ಚುವುದು ಅಂದುಕೊಂಡವರು ಇದನ್ನೊಮ್ಮೆ ನೋಡಬೇಕು.

ಕೊಚ್ಚುವುದೂ ಇತ್ತು, ಸುಳ್ಳೇಕೆ ಹೇಳಬೇಕು. ಹೆಂಡತಿಯನ್ನು ಕೊಂದ ಗಂಡ, ಗಂಡನನ್ನು ಕೊಂದ ಹೆಂಡತಿ, ಪಾಲುದಾರನನ್ನು ಕೊಂದ ಪಾಲುದಾರ. ಕೊನೆಯ ಪುಟದಲ್ಲಿ ಕೊಳೆತ ಹೆಣ ಎದ್ದು ಬಂದು ಲೆಕ್ಕ ಚುಕ್ತಾ ಮಾಡುತ್ತದೆ. ಈ ಕೊಳೆತ ಹೆಣ ಬರೆಯುವುದರಲ್ಲಿ ಗ್ರಹಾಂ ಇಂಗಲ್ಸ್‌ನನ್ನು ಮೀರಿದವರಿಲ್ಲ. ಚಿತ್ರದ ಕೆಳಗೆ ಅವನು ಹಾಕುತ್ತಿದ್ದ ಸಹಿಯೇ ‘ಗಾಸ್ಟ್ಲಿ’, ಅಂದರೆ ಘೋರ. ಅವನ ‘ಪೊಯೆಟಿಕ್ ಜಸ್ಟಿಸ್’ನಲ್ಲಿ ಕಸ ಎತ್ತುವ ಬಡ ಮುದುಕನೊಬ್ಬನನ್ನು ಕೇರಿಯಿಂದ ಓಡಿಸಲು ಶ್ರೀಮಂತ ನೆರೆಯವರು ಕಾಟ ಕೊಡುತ್ತಾರೆ. ಪ್ರೇಮಿಗಳ ದಿನದಂದು ಊರವರೇ ಕಳಿಸಿದ ಹಾಗೆ ವಿಷದಂಥ ಪದ್ಯ ಬರೆದು ಅವನ ಮನೆಗೆ ಕಳಿಸುತ್ತಾರೆ. ಮುದುಕ ನೇಣು ಹಾಕಿಕೊಳ್ಳುತ್ತಾನೆ. ಮರುವರ್ಷ ಅದೇ ದಿನ ಎದ್ದು ಬರುತ್ತಾನೆ. 1972ರಲ್ಲಿ ಇದು ಬ್ರಿಟನ್ನಿನಲ್ಲಿ ಸಿನಿಮಾದ ಭಾಗವಾದಾಗ ಆ ಮುದುಕನ ಪಾತ್ರ ಮಾಡಿದವರು ಪೀಟರ್ ಕುಶಿಂಗ್. ಈ ಕತೆಯಲ್ಲಿ ಹೆಣಕ್ಕಿಂತ ಅಸಹ್ಯ ಹುಟ್ಟಿಸುವವರು ಇಸ್ತ್ರಿ ಬಟ್ಟೆಯ ನೆರೆಯವರು.

ಹಾಗಂತ ಎಲ್ಲವನ್ನೂ ಹೊಗಳಲಾರೆವು. ಗೇನ್ಸ್‌ನ ಯಶಸ್ಸು ನೋಡಿ ಹತ್ತಾರು ಕಂಪನಿಗಳು ಇದೇ ದಂಧೆಗೆ ಇಳಿದವು. ಅವುಗಳಲ್ಲಿ ಬಹಳಷ್ಟು ಕಳಪೆ. ಹೆಂಗಸರು ಕಿರುಚಲಿಕ್ಕೆ ಮಾತ್ರ ಇರುತ್ತಾರೆ. ಆಫ್ರಿಕಾದವರು ಅಂದರೆ ನರಭಕ್ಷಕರು. ಇಂಡಿಯಾ ಅಂದರೆ ಹಾವು, ಫಕೀರ, ಕಾಳಿಗೆ ನರಬಲಿ. ನಮ್ಮವರ ಬಗ್ಗೆ ಅವರು ಬರೆದದ್ದನ್ನು ಓದಿದಾಗ ಒಮ್ಮೊಮ್ಮೆ ನಗು, ಒಮ್ಮೊಮ್ಮೆ ಸಿಟ್ಟು.

ಇವನ್ನು ಓದುತ್ತಿದ್ದದ್ದು ಹೇಗೆ? ಒಂದು ಪ್ರತಿಯನ್ನು ಒಬ್ಬನೇ ಓದುತ್ತಿರಲಿಲ್ಲ. ಹುಡುಗರು ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಹೊಸದೊಂದಕ್ಕೆ ಹಳೆಯವು ಎರಡು. ಅಂಗಡಿಯವರು ಮಾರಾಟವಾಗದ ಪ್ರತಿಯ ರಕ್ಷಾಪುಟ ಹರಿದು ವಾಪಸ್ ಕಳಿಸಿದರೆ ದುಡ್ಡು ಮರಳಿ ಸಿಗುತ್ತಿತ್ತು. ಬೋಳು ಪ್ರತಿಗಳನ್ನು ಕೆಲವರು ಕದ್ದುಮುಚ್ಚಿ ಅಗ್ಗಕ್ಕೆ ಮಾರುತ್ತಿದ್ದರು. ಅಚ್ಚಿನ ಕಾಗದ ಪತ್ರಿಕೆಯ ಅಗ್ಗದ ಕಾಗದ, ಕೆಲ ವರ್ಷದಲ್ಲೇ ಹಳದಿಯಾಗಿ ಪುಡಿ ಪುಡಿ. ಅಮ್ಮಂದಿರ ಕೈಗೆ ಸಿಕ್ಕರೆ ಕಸದ ಬುಟ್ಟಿ. 1953ರ ಹೊತ್ತಿಗೆ ಹುಡುಗರೇ ಸೇರಿ ಈ ಪತ್ರಿಕೆಗಳ ಬಗ್ಗೆ ತಮ್ಮದೇ ಪುಟ್ಟ ಪತ್ರಿಕೆ ತೆಗೆದು ಅಂಚೆಯಲ್ಲಿ ಹಂಚಲು ಶುರು ಮಾಡಿದ್ದರು. ಯಾವ ಚಿತ್ರ ಯಾರ ಕೈಯದು ಅಂತ ಪಟ್ಟಿ ಮಾಡುವ ಕೆಲಸ ಮೊದಲು ಮಾಡಿದವರು ಈ ಹುಡುಗರೇ.

ಈಗ ಫ್ರೆಡ್ರಿಕ್ ವರ್ಥಮ್ ಬರುತ್ತಾರೆ. ಮನೋವೈದ್ಯರು. ಕಾಮಿಕ್ಸ್ ಪ್ರೇಮಿಗಳು ಇವರನ್ನು ರಾಕ್ಷಸ ಅಂತಲೇ ಬರೆಯುತ್ತಾರೆ. ಅಷ್ಟು ಸರಳ ಅಲ್ಲ. ನ್ಯೂಯಾರ್ಕಿನ ಕರಿಯರ ಕೇರಿ ಹಾರ್ಲೆಮ್‌ನಲ್ಲಿ 1946ರಲ್ಲಿ ಬಡವರಿಗಾಗಿ ಮನೋಚಿಕಿತ್ಸೆಯ ಕ್ಲಿನಿಕ್ ತೆರೆದವರು ಇವರು. ಕರಿಯ ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಇರುವುದು ಮಕ್ಕಳ ಮನಸ್ಸಿಗೆ ಪೆಟ್ಟು ಅಂತ ಕೋರ್ಟಿನಲ್ಲಿ ಹೇಳಿದವರೂ ಇವರೇ. ಇಂಥವರು 1954ರಲ್ಲಿ ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಪುಸ್ತಕ ಬರೆದು, ಮಕ್ಕಳು ದಾರಿ ತಪ್ಪಲು ಕಾಮಿಕ್ಸ್ ಒಂದು ದೊಡ್ಡ ಕಾರಣ ಅಂದರು. ತಮ್ಮ ಬಳಿ ಬಂದ ಮಕ್ಕಳ ಮಾತನ್ನೇ ಸಾಕ್ಷಿಯಾಗಿ ಕೊಟ್ಟರು. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳೆಲ್ಲ ಕಾಮಿಕ್ಸ್ ಓದುವವರೇ ಅಂತ. ಆ ಕಾಲಕ್ಕೆ ಕಾಮಿಕ್ಸ್ ಓದದ ಮಕ್ಕಳನ್ನು ಹುಡುಕುವುದೇ ಕಷ್ಟವಿತ್ತು ಅನ್ನುವುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

2010ರಲ್ಲಿ ವರ್ಥಮ್ ಅವರ ಖಾಸಗಿ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಂಶೋಧಕರಿಗೆ ತೆರೆದುಕೊಂಡವು. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಕೂತು ಒಂದೊಂದೇ ಟಿಪ್ಪಣಿಯನ್ನು ಪುಸ್ತಕದ ಜೊತೆ ಹೋಲಿಸಿ ನೋಡಿದರು. ಎಷ್ಟೋ ಕಡೆ ಮಕ್ಕಳ ಮಾತು ತಿರುಚಿತ್ತು. ಒಬ್ಬ ಹುಡುಗನ ಮಾತು ಇಬ್ಬರದಾಗಿತ್ತು. ಮನೆಯ ಹಿಂಸೆ, ಬಡತನದಂಥ ಬೇರೆ ಕಾರಣಗಳು ಬಿಟ್ಟುಹೋಗಿದ್ದವು. ಪತ್ರಿಕೋದ್ಯಮ ಓದಿದ ನಮಗೆ ಇದು ಎದೆಗೆ ನಾಟಿದ ಭಾಗ. ಉದ್ದೇಶ ಒಳ್ಳೆಯದಿದ್ದವರೂ ಟಿಪ್ಪಣಿ ತಿದ್ದುತ್ತಾರೆ.

1954ರ ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ವಿಚಾರಣೆ. ಅಂದು ವರ್ಥಮ್ ಸಾಕ್ಷಿ ಹೇಳಿದರು, ಗೇನ್ಸ್ ಕೂಡ ಹೇಳಿದ. ಯಾರೂ ಬಲವಂತ ಮಾಡಿರಲಿಲ್ಲ, ತಾನೇ ಹೋಗಿದ್ದ. ಸೆನೆಟರ್ ಕೆಫಾವರ್ ಅವನದೇ ಪತ್ರಿಕೆಯೊಂದರ ರಕ್ಷಾಪುಟ ಎತ್ತಿ ತೋರಿಸಿದರು. ಒಬ್ಬನ ಒಂದು ಕೈಯಲ್ಲಿ ರಕ್ತದ ಕೊಡಲಿ, ಇನ್ನೊಂದರಲ್ಲಿ ಜುಟ್ಟು ಹಿಡಿದ ಹೆಂಗಸಿನ ರುಂಡ. ಇದು ಸಭ್ಯ ಅಭಿರುಚಿಯೇ ಅಂತ ಕೇಳಿದರು. ದೆವ್ವದ ಕಾಮಿಕ್ಸಿನ ರಕ್ಷಾಪುಟಕ್ಕೆ ಹೌದು ಅಂದ ಗೇನ್ಸ್. ರುಂಡವನ್ನು ಇನ್ನೊಂಚೂರು ಮೇಲೆತ್ತಿ ಕತ್ತಿನಿಂದ ರಕ್ತ ತೊಟ್ಟಿಕ್ಕುವುದು ಕಾಣುವ ಹಾಗೆ ಬರೆದಿದ್ದರೆ ಅದು ಕೆಟ್ಟ ಅಭಿರುಚಿ ಅಂತಲೂ ವಿವರಿಸಿದ. ಅವನ ತರ್ಕ ಅವನಿಗೆ ಸರಿ. ಆದರೆ ಮರುದಿನ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲೇ ಅದು ಬಂದಾಗ ಜನಕ್ಕೆ ಕಂಡದ್ದು ಒಂದೇ: ರುಂಡ ಹಿಡಿದು ವ್ಯಾಪಾರ ಮಾಡುವವನು.

ಸರ್ಕಾರ ಯಾವ ಕಾನೂನನ್ನೂ ತರಲಿಲ್ಲ. ಕಂಪನಿಗಳೇ ಹೆದರಿ ಸಂಘ ಕಟ್ಟಿಕೊಂಡು ‘ಕಾಮಿಕ್ಸ್ ಕೋಡ್’ ಅಂತ ನಿಯಮ ಮಾಡಿಕೊಂಡವು. ಹೆಸರಿನಲ್ಲಿ ‘ಹಾರರ್’, ‘ಟೆರರ್’ ಪದ ಇರಬಾರದು. ನಡೆಯುವ ಹೆಣ ಬೇಡ, ರಕ್ತ ಹೀರುವ ಪಿಶಾಚಿ ಬೇಡ, ತೋಳವಾಗುವ ಮನುಷ್ಯ ಬೇಡ. ಮುದ್ರೆ ಇಲ್ಲದ ಪತ್ರಿಕೆಯನ್ನು ವಿತರಕರು ಮುಟ್ಟುವುದಿಲ್ಲ. ಅದೇ ವರ್ಷ ಗೇನ್ಸ್ ತನ್ನ ಮೂರೂ ದೆವ್ವದ ಪತ್ರಿಕೆ ನಿಲ್ಲಿಸಿದ.

ಆ ಕೋಡ್ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದಕ್ಕೆ ಒಂದು ಪ್ರಸಂಗ ಸಾಕು. ‘ಜಡ್ಜ್‌ಮೆಂಟ್ ಡೇ’ ಎಂಬ ಬಾಹ್ಯಾಕಾಶದ ಕತೆ. ಕಿತ್ತಳೆ ಬಣ್ಣದ ಯಂತ್ರಮಾನವರು ನೀಲಿ ಬಣ್ಣದವರನ್ನು ಕೀಳಾಗಿ ನಡೆಸಿಕೊಳ್ಳುವ ಗ್ರಹಕ್ಕೆ ಭೂಮಿಯಿಂದ ಒಬ್ಬ ತಪಾಸಣೆಗೆ ಹೋಗುತ್ತಾನೆ. ನೀವಿನ್ನೂ ನಮ್ಮ ಸಾಲಿಗೆ ಬರಲು ಯೋಗ್ಯರಾಗಿಲ್ಲ ಅಂತ ಹೇಳಿ ಮರಳುತ್ತಾನೆ. ಕೊನೆಯ ಚೌಕದಲ್ಲಿ ಶಿರಸ್ತ್ರಾಣ ತೆಗೆದಾಗ ಅವನು ಕರಿಯ ಅಂತ ನಮಗೆ ಕಾಣುತ್ತದೆ, ಮುಖದ ಮೇಲೆ ಬೆವರ ಹನಿ ಹೊಳೆಯುತ್ತಿರುತ್ತದೆ. ಇದನ್ನು ಮರುಮುದ್ರಣಕ್ಕೆ ಕಳಿಸಿದಾಗ ಕೋಡ್ ಅಧಿಕಾರಿ ಆ ಮನುಷ್ಯ ಕರಿಯ ಇರಕೂಡದು ಅಂದರು. ಅದಕ್ಕೆ ಒಪ್ಪದಿದ್ದಾಗ ಬೆವರ ಹನಿಯನ್ನಾದರೂ ಅಳಿಸಿ ಅಂದರು. ಗೇನ್ಸ್ ಬೈದು, ಪತ್ರಿಕೆಗಳವರ ಮುಂದೆ ಹೋಗುತ್ತೇನೆ ಅಂತ ಬೆದರಿಸಿ, ಒಂದು ಹನಿ ಬಿಡದೆ ಅಚ್ಚು ಹಾಕಿಸಿದ. ಅದೇ ಅವನ ಕೊನೆಯ ಕಾಮಿಕ್ ಸಂಚಿಕೆ, 1956. ಉಳಿದದ್ದು ಹಾಸ್ಯದ ‘ಮ್ಯಾಡ್’ ಒಂದು. ಅವನನ್ನು ಮುಂದೆ ಸಾಕಿದ್ದೂ ಅದೇ.

ಇತ್ತ ಬ್ರಿಟನ್ನಿನ ಕತೆ ಕೇಳಿ. 1954ರ ಸೆಪ್ಟೆಂಬರ್, ಗ್ಲಾಸ್ಗೋ ಊರಿನ ಗೋರ್ಬಲ್ಸ್ ಎಂಬ ಬಡವರ ಬಡಾವಣೆ. ಕಬ್ಬಿಣದ ಹಲ್ಲಿನ ಪಿಶಾಚಿಯೊಂದು ಇಬ್ಬರು ಹುಡುಗರನ್ನು ತಿಂದಿದೆ ಅಂತ ಶಾಲೆಯಲ್ಲಿ ಸುದ್ದಿ ಹಬ್ಬಿತು. ಸಂಜೆ ನೂರಾರು ಮಕ್ಕಳು ಕೋಲು, ಚಾಕು ಹಿಡಿದು ಸ್ಮಶಾನಕ್ಕೆ ನುಗ್ಗಿದರು. ಕೆಲವರ ಜೊತೆ ನಾಯಿ. ಗೋರಿಗಳ ಹಿಂದೆ ಹುಡುಕಾಟ. ಆಚೆಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಆಕಾಶವನ್ನೆಲ್ಲ ಕೆಂಪು ಮಾಡುತ್ತಿತ್ತಂತೆ. ಪೊಲೀಸರು ಬಂದರು, ಮೇಷ್ಟ್ರು ಬಂದು ಬೈದರು, ಮಳೆ ಬಂತು, ಮಕ್ಕಳು ಮನೆಗೆ ಹೋದರು. ಮತ್ತೆ ಮಾರನೆಯ ಸಂಜೆ ಹಾಜರ್. ಯಾವ ಹುಡುಗನೂ ಕಾಣೆಯಾಗಿರಲಿಲ್ಲ.

ಪತ್ರಿಕೆಗಳು ಬೊಟ್ಟು ಮಾಡಿದ್ದು ಅಮೆರಿಕದ ದೆವ್ವದ ಕಾಮಿಕ್ಸ್ ಕಡೆಗೆ. ಅಂಥ ಕಾಮಿಕ್ಸ್ ಓದಿದ ಒಬ್ಬ ಮಗುವನ್ನೂ ಯಾರೂ ಹುಡುಕಿ ತೋರಿಸಲಿಲ್ಲ. ಕಬ್ಬಿಣದ ಹಲ್ಲಿನ ಜೆನ್ನಿ ಎಂಬ ಹಳೆಯ ಸ್ಕಾಟಿಷ್ ಪದ್ಯವೊಂದು ಮಾತ್ರ ಅಲ್ಲಿನ ಮಕ್ಕಳಿಗೆ ಶಾಲೆಯಲ್ಲೇ ಸಿಗುತ್ತಿತ್ತು. ಬೈಬಲ್ಲಿನಲ್ಲೂ ಕಬ್ಬಿಣದ ಹಲ್ಲಿನ ಒಂದು ಮೃಗವಿದೆ. ಅವನ್ನು ನಿಷೇಧಿಸಿ ಅಂತ ಯಾರೂ ಕೇಳಲಿಲ್ಲ. ಶಿಕ್ಷಕರ ಸಂಘ, ಚರ್ಚು, ಕಮ್ಯುನಿಸ್ಟರು ಮೊದಲಿನಿಂದಲೇ ಒತ್ತಾಯಿಸುತ್ತಿದ್ದ ಕಾನೂನಿಗೆ ಈ ಗಲಾಟೆ ಇನ್ನಷ್ಟು ಬಲ ಕೊಟ್ಟಿತು. 1955ರಲ್ಲಿ ಮಕ್ಕಳಿಗೆ ಹಾನಿಕರ ಪ್ರಕಟಣೆಗಳ ಕಾಯ್ದೆ ಬಂತು.

ಮರುವರ್ಷವೇ, ನಮ್ಮ ರಾಜ್ಯ ಒಂದುಗೂಡಿದ 1956ರಲ್ಲಿ, ಭಾರತದ ಸಂಸತ್ತು ಕೂಡ ಇಂಥದೇ ಹೆಸರಿನ ‘ಯಂಗ್ ಪರ್ಸನ್ಸ್ (ಹಾರ್ಮ್‌ಫುಲ್ ಪಬ್ಲಿಕೇಷನ್ಸ್) ಆಕ್ಟ್’ ಪಾಸು ಮಾಡಿತು. ಅಪರಾಧ, ಹಿಂಸೆ, ಕ್ರೌರ್ಯ, ಭೀಕರ ಘಟನೆಗಳನ್ನು ಚಿತ್ರದಲ್ಲಾಗಲಿ ಮಾತಿನಲ್ಲಾಗಲಿ ತೋರಿಸಿ ಎಳೆಯರನ್ನು ಕೆಡಿಸುವಂಥ ಪುಸ್ತಕ ಮಾರಿದರೆ ಆರು ತಿಂಗಳವರೆಗೆ ಜೈಲು. ಬ್ರಿಟಿಷ್ ಕಾಯ್ದೆಯ ಮಾತುಗಳನ್ನೂ ನಮ್ಮ ಕಾಯ್ದೆಯ ಮಾತುಗಳನ್ನೂ ಪಕ್ಕದಲ್ಲಿಟ್ಟು ಓದಿದರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಆಗ ನಮ್ಮ ಹಳ್ಳಿಗಳಲ್ಲಿ ಎಷ್ಟು ಮಕ್ಕಳು ಅಮೆರಿಕದ ಕಾಮಿಕ್ಸ್ ಕಂಡಿದ್ದರು ಅನ್ನುವುದನ್ನು ನೀವೇ ಊಹಿಸಿ.

ಅಮೆರಿಕದಲ್ಲಿ ನೂರಾರು ಬರಹಗಾರರು, ಚಿತ್ರಕಾರರು ಕೆಲಸ ಕಳೆದುಕೊಂಡರು. ಗ್ರಹಾಂ ಇಂಗಲ್ಸ್ ಫ್ಲಾರಿಡಾಕ್ಕೆ ಹೋಗಿ ಚಿತ್ರಕಲೆ ಪಾಠ ಹೇಳಿಕೊಂಡು ಬದುಕಿದ. ಹಳೆಯ ಕೆಲಸದ ಬಗ್ಗೆ ಕೇಳಿಕೊಂಡು ಬಂದ ಅಭಿಮಾನಿಗಳ ಜೊತೆ ದಶಕಗಳ ಕಾಲ ಮಾತೇ ಆಡಲಿಲ್ಲ. ಕೊನೆಗಾಲದಲ್ಲಿ ಮಾತ್ರ ಮನಸ್ಸು ಬದಲಾಗಿ, ಆ ಮುದಿ ಮಾಟಗಾತಿಯನ್ನು ಮತ್ತೆ ಎಣ್ಣೆಬಣ್ಣದಲ್ಲಿ ಬರೆದುಕೊಟ್ಟ. 1991ರಲ್ಲಿ ತೀರಿಕೊಂಡ.

ಹತ್ತು ವರ್ಷ ಹೀಗೇ ಕಳೆಯಿತು. ಕೋಡ್ ಇದ್ದದ್ದು ಸಣ್ಣ ಅಳತೆಯ ಬಣ್ಣದ ಕಾಮಿಕ್ಸ್ ಪುಸ್ತಕಗಳಿಗೆ. ದೊಡ್ಡ ಅಳತೆಯ ಕಪ್ಪು-ಬಿಳುಪು ಮ್ಯಾಗಜೀನಿಗೆ ಅದು ಅನ್ವಯಿಸುತ್ತಿರಲಿಲ್ಲ. ಈ ಸಂದಿಯಲ್ಲಿ ನುಸುಳಿದವನು ಜೇಮ್ಸ್ ವಾರೆನ್. 1964ರ ಕೊನೆಗೆ 35 ಸೆಂಟಿನ ‘ಕ್ರೀಪಿ’ ಹೊರಟಿತು, ಅದರ ಹಿಂದೆ ‘ಈರಿ’. ಹಳೆಯ ಚಿತ್ರಕಾರರಲ್ಲಿ ಹಲವರು ಮರಳಿ ಬಂದರು. ಬರಹ ಹೆಚ್ಚಾಗಿ ಆರ್ಚಿ ಗುಡ್‌ವಿನ್‌ನದು. ಹಳೆಯ ಕತೆಗಳನ್ನು ಕದಿಯುವ ಅಗತ್ಯವೂ ಈಗ ಇರಲಿಲ್ಲ. ಪೋ ಸತ್ತದ್ದು 1849ರಲ್ಲಿ, ಅವನ ಕತೆಗೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಲೇಖಕನ ಹೆಸರು ದೊಡ್ಡದಾಗಿ ಹಾಕಿದರೆ ಪತ್ರಿಕೆಗೇ ಮರ್ಯಾದೆ.

ಪೋನ ‘ದಿ ಟೆಲ್-ಟೇಲ್ ಹಾರ್ಟ್’ ಗೊತ್ತಿಲ್ಲದವರಿಗೆ: ಮುದುಕನ ಒಂದು ಕಣ್ಣು ಹದ್ದಿನ ಕಣ್ಣಿನ ಹಾಗಿದೆ ಅನ್ನುವ ಕಾರಣಕ್ಕೇ ಒಬ್ಬ ಅವನನ್ನು ಕೊಂದು ನೆಲದ ಹಲಗೆಯಡಿ ಹುದುಗಿಸುತ್ತಾನೆ. ಪೊಲೀಸರು ಬಂದು ಕೂತು ಹರಟುವಾಗ ಹಲಗೆಯಡಿಯಿಂದ ಎದೆಬಡಿತ ಕೇಳತೊಡಗುತ್ತದೆ. ಅವನಿಗೆ ಮಾತ್ರ. ಕೊನೆಗೆ ತಾನೇ ಕಿರುಚಿ ಒಪ್ಪಿಕೊಳ್ಳುತ್ತಾನೆ. ಕತೆ ಪೂರ್ತಿ ಕೊಲೆಗಾರನ ಬಾಯಲ್ಲಿದೆ. ತನಗೆ ಹುಚ್ಚಿಲ್ಲ ಅಂತ ಅವನು ಹೇಳುತ್ತಲೇ ಇರುತ್ತಾನೆ, ನಮಗೆ ಅವನ ಮುಖ ಕಾಣುವುದಿಲ್ಲ. ಚಿತ್ರಕಾರನಿಗೆ ಇದು ಕಷ್ಟ. ಅವನು ಮುಖ ಬರೆಯಲೇಬೇಕು, ಬರೆದ ಕೂಡಲೇ ಇವನಿಗೆ ಹುಚ್ಚು ಅಂತ ಗುಟ್ಟು ಹೊರಬೀಳುತ್ತದೆ. ಇನ್ನೊಂದು ಕಷ್ಟ ಸದ್ದಿನದು. ಕಾಗದ ಬಡಿಯುವುದಿಲ್ಲ. ‘ಕ್ರೀಪಿ’ಗೆ ಇದನ್ನು ಬರೆದ ರೀಡ್ ಕ್ರಾಂಡಾಲ್ ಸೂಕ್ಷ್ಮ ಗೆರೆಗಳ ಗಟ್ಟಿಗ. ಪೆನ್ನಿನ ಗೆರೆಯ ಮೇಲೆ ಗೆರೆ ಎಳೆದು ಪೋನ ಕಾಲದ ಅಚ್ಚಿನ ಚಿತ್ರಗಳ ಕಳೆ ತಂದವನು. ಓದುವಾಗ ಕಣ್ಣು ನಿಧಾನವಾಗುತ್ತದೆ, ಆ ನಿಧಾನದಲ್ಲೇ ಕತೆಯ ಉಸಿರುಗಟ್ಟುವಿಕೆ ಇದೆ. ಪೋನ ‘ದಿ ಕಾಸ್ಕ್ ಆಫ್ ಅಮಾಂಟಿಲ್ಯಾಡೊ’, ಬ್ರಾಮ್ ಸ್ಟೋಕರ್‌ನ ‘ದಿ ಜಡ್ಜಸ್ ಹೌಸ್’ ಕೂಡ ಅವನೇ ಬರೆದ. ಇಂಥ ಕೈಯಿದ್ದ ಮನುಷ್ಯ ಕೊನೆಗೆ ರಾತ್ರಿ ಕಾವಲುಗಾರನಾಗಿ ದುಡಿದ.

1970ರ ದಶಕದಲ್ಲಿ ಹೊಸಬರು ಬಂದರು. ಬರ್ನಿ ರೈಟ್‌ಸನ್ ಪೋನ ‘ದಿ ಬ್ಲ್ಯಾಕ್ ಕ್ಯಾಟ್’ ಬರೆದ, 1975ರಲ್ಲಿ ಅದೇ ‘ಕೂಲ್ ಏರ್’ ಕೂಡ. ಕಾಲು ಶತಮಾನದ ಹಿಂದೆ ಹೆಸರಿಲ್ಲದೆ ಹೋಗಿದ್ದ ಕತೆಯ ಮೇಲೆ ಈ ಸಲ ಲವ್‌ಕ್ರಾಫ್ಟ್‌ನ ಹೆಸರಿತ್ತು. ರಿಚರ್ಡ್ ಕಾರ್ಬೆನ್ ‘ದಿ ರೇವನ್’ ಎಂಬ ಪದ್ಯವನ್ನು ಬಣ್ಣದಲ್ಲಿ ಬರೆದ. ಪೋ ಅವನನ್ನು ಕೊನೆಯವರೆಗೂ ಬಿಡಲಿಲ್ಲ, 2014ರಲ್ಲೂ ಅವನ ಪೋ ಸಂಗ್ರಹ ಬಂತು. ವಾರೆನ್ ಕಂಪನಿ 1983ರಲ್ಲಿ ದಿವಾಳಿಯಾಯಿತು.

ಹಳೆಯ ಪತ್ರಿಕೆಗಳು ಉಳಿದದ್ದು ಹೇಗೆ? ಒಂದು, ಗೇನ್ಸ್‌ನ ಜಿಪುಣತನವೋ ಪ್ರೀತಿಯೋ, ಅವನು ಮೂಲ ಚಿತ್ರಗಳನ್ನೆಲ್ಲ ಎಸೆಯದೆ ಬೀಗ ಹಾಕಿ ಇಟ್ಟಿದ್ದ. ಪ್ರತಿ ಸಂಚಿಕೆಯ ಕೆಲವು ಹೊಸ ಪ್ರತಿಗಳನ್ನೂ ಸುತ್ತಿ ಜೋಪಾನ ಮಾಡಿದ್ದ. ಆ ಕಾಲದ ಬೇರೆ ಕಂಪನಿಗಳು ಮೂಲ ಚಿತ್ರಗಳನ್ನು ಕಸಕ್ಕೆ ಹಾಕುತ್ತಿದ್ದವು. 1970ರ ದಶಕದ ಕೊನೆಯಿಂದ ಅವೇ ಚಿತ್ರಗಳಿಂದ ಒಳ್ಳೆಯ ಮರುಮುದ್ರಣಗಳು ಬಂದವು. ಇನ್ನೊಂದು, ಹುಡುಗರ ಅದಲು ಬದಲು. ಹಾಸಿಗೆಯಡಿ ಬಚ್ಚಿಟ್ಟ ಪ್ರತಿಗಳು ದೊಡ್ಡವರಾದವರ ಕೈಯಿಂದ ಹೊರಬಂದವು. ಸ್ಟೀಫನ್ ಕಿಂಗ್ ಅಂಥ ಒಬ್ಬ ಹುಡುಗ. 1982ರ ‘ಕ್ರೀಪ್‌ಶೋ’ ಸಿನಿಮಾಕ್ಕೆ ಅವನು ಕತೆ ಬರೆದದ್ದು ಈ ಹತ್ತು ಸೆಂಟಿನ ಪುಸ್ತಕಗಳ ಋಣಕ್ಕೆ.

ಮೂರನೆಯದು ಕಾನೂನಿನ ಒಂದು ಸಂದಿ. ಆ ಕಾಲದ ಅಮೆರಿಕದ ನಿಯಮದ ಪ್ರಕಾರ ಪುಸ್ತಕದ ಹಕ್ಕು 28 ವರ್ಷಕ್ಕೆ ಮುಗಿಯುತ್ತಿತ್ತು. ಅರ್ಜಿ ಹಾಕಿ ನವೀಕರಿಸಬೇಕು. ಬಾಗಿಲು ಮುಚ್ಚಿದ ಎಷ್ಟೋ ಸಣ್ಣ ಕಂಪನಿಗಳ ಪರವಾಗಿ ಅರ್ಜಿ ಹಾಕುವವರೇ ಇರಲಿಲ್ಲ. ಆ ಕಾಮಿಕ್ಸ್ ಈಗ ಎಲ್ಲರ ಸೊತ್ತು. ಸ್ವಯಂಸೇವಕರು ತಮ್ಮ ಬಳಿ ಇದ್ದ ಪ್ರತಿಗಳನ್ನು ಪುಟ ಪುಟ ಸ್ಕ್ಯಾನ್ ಮಾಡಿ ‘ಡಿಜಿಟಲ್ ಕಾಮಿಕ್ ಮ್ಯೂಸಿಯಂ’ನಂಥ ಕಡೆ ಇಟ್ಟಿದ್ದಾರೆ. ದುಡ್ಡಿಲ್ಲ, ಕಳ್ಳತನವೂ ಅಲ್ಲ. ಗೇನ್ಸ್‌ನ ಪತ್ರಿಕೆಗಳ ಮಾತು ಬೇರೆ. ಅವುಗಳ ಹಕ್ಕು ನವೀಕರಣವಾಗಿದೆ, ವಾಟ್ಸ್‌ಆಪ್‌ನಲ್ಲಿ ಪಿಡಿಎಫ್ ಹರಿದಾಡಿದರೆ ಅದು ಬ್ರಾಡ್‌ಬರಿ ಕಾಗದ ಬರೆಯಬೇಕಾದಂಥ ಕೆಲಸ.

ಫೋನಿನಲ್ಲಿ ನೋಡುವವರಿಗೆ ನಮ್ಮ ಸಲಹೆ: ‘ಅಡ್ವೆಂಚರ್ಸ್ ಇನ್‌ಟು ದಿ ಅನ್‌ನೋನ್’ ಮೊದಲ ಸಂಚಿಕೆಯಿಂದ ಶುರು ಮಾಡಿ. ಪುಟ್ಟ ಮಕ್ಕಳಿಗೆ ಕೊಡುವ ಮುನ್ನ ನೀವೊಮ್ಮೆ ಓದಿ. ಇಂಗ್ಲಿಷ್ ಅಷ್ಟು ಕಷ್ಟವಿಲ್ಲ, ಅರ್ಧ ಚಿತ್ರವೇ ಹೇಳುತ್ತದೆ. ಒಟ್ರಾಂಟೊ ಕೋಟೆಯ ಕತೆ ಅದರಲ್ಲಿದೆ. ಮದುವೆಯ ದಿನ ಮುಗಿಲಿನಿಂದ ಬಿದ್ದ ಹಾಗೆ ಒಂದು ದೈತ್ಯ ಶಿರಸ್ತ್ರಾಣ ಬಿದ್ದು ಮದುಮಗ ಅಪ್ಪಚ್ಚಿಯಾಗುತ್ತಾನೆ. ಮಿಕ್ಕದ್ದು ಏಳು ಪುಟದೊಳಗೆ ಮುಗಿಯುತ್ತದೆ.